ಮೈಕಟ್ಟು ಕಣ್ಣಿಗೆ ಕಾಣುವಂತೆ ಬೆಳೆಸಲು: ಮಂಡ್ಯ, ಮೈಸೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಮೈಸೂರು ಕಡೆ ಹೊಸದಾಗಿ ಜಿಮ್ ಸೇರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಬಹಳ ಜನ ಮೊದಲ ದಿನವೇ ಕೇಳುವುದು "ಯಾವ ಪುಡಿ ತಗೊಳ್ಲಿ" ಅಂತ. ಪುಡಿಯ ವಿಚಾರ ಕೆಳಗೆ ಬರುತ್ತದೆ. ಅದಕ್ಕೂ ಮೊದಲು ನಿಮ್ಮ ಮನೆಯ ಸಾರಿನಲ್ಲಿ ಕಾಳೆಷ್ಟು, ನೀರೆಷ್ಟು ಅಂತ ನೋಡಿಕೊಳ್ಳಿ. ನಮ್ಮ ಕಡೆ ಎಷ್ಟು ಬೆವರು ಸುರಿಸಿದರೂ ಮೈ ತುಂಬಿಕೊಳ್ಳದೇ ಇರುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಅದು.

ಮುದ್ದೆ ಬಿಡ್ಬೇಕಾ ಅಣ್ಣ?

ಬೇಡ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, 7 ಗ್ರಾಂ ಪ್ರೋಟೀನ್, 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಮುಟ್ಟುವುದೂ ಕಷ್ಟ. ಭಾರ ಎತ್ತುವವರಿಗೆ ಹಿಟ್ಟಿನ ಶಕ್ತಿಯೂ ಬೇಕು, ಗಟ್ಟಿ ಮೂಳೆಯೂ ಬೇಕು. ಮುದ್ದೆಯಲ್ಲಿ ಎರಡೂ ಇದೆ.

ತೊಂದರೆ ಇರುವುದು ಮುದ್ದೆಯ ಜೊತೆಗೆ ಏನು ತಿನ್ನುತ್ತೇವೆ ಅನ್ನುವುದರಲ್ಲಿ. ಬಸ್ಸಾರನ್ನೇ ತೆಗೆದುಕೊಳ್ಳಿ. ಕಾಳು, ಸೊಪ್ಪು ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟು ಸಾರಾಗುತ್ತದೆ, ಕಾಳು-ಸೊಪ್ಪು ಪಲ್ಯವಾಗುತ್ತದೆ. ನಾವು ಎರಡು ಮುದ್ದೆಗೆ ಬಟ್ಟಲುಗಟ್ಟಲೆ ಸಾರು ಹಾಕಿಸಿಕೊಂಡು, ಪಲ್ಯವನ್ನು ತಟ್ಟೆಯ ಅಂಚಿಗೆ ಒಂದು ಚಮಚ ಹಚ್ಚಿಕೊಳ್ಳುತ್ತೇವೆ. ಪ್ರೋಟೀನ್ ಹೆಚ್ಚುಕಡಿಮೆ ಎಲ್ಲವೂ ಉಳಿದಿರುವುದು ಆ ಪಲ್ಯದಲ್ಲಿ. ಮುದ್ದೆ ಒಂದೇ ಸಾಕು, ಪಲ್ಯ ಒಂದು ಬಟ್ಟಲು ಬೇಕು. ಹುರುಳಿ ಕಾಳಿನ ಸಾರಾಗಲಿ, ಮೊಳಕೆ ಹೆಸರುಕಾಳಿನ ಸಾರಾಗಲಿ, ಹಿತಕಿದ ಅವರೆಬೇಳೆಯಾಗಲಿ, ಸೌಟನ್ನು ಪಾತ್ರೆಯ ತಳಕ್ಕೆ ಇಳಿಸಿ ಬಡಿಸಿಕೊಳ್ಳಿ. ಪ್ರೋಟೀನ್ ಕಟ್ಟಿರುವುದು ಅಮೈನೋ ಆಮ್ಲಗಳಿಂದ; ರಾಗಿಯಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ಹಾಗಾಗಿ ಈ ಜೋಡಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಒಂದು ಎಚ್ಚರಿಕೆ: ಮುದ್ದೆ ಉಂಡ ಮೇಲೆ ಎರಡು ಮೂರು ಗಂಟೆ ಬಿಟ್ಟು ಜಿಮ್‌ಗೆ ಹೋಗಿ. ತುಂಬಿದ ಹೊಟ್ಟೆಯಲ್ಲಿ ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಬಸ್ಕಿ) ಮಾಡಲು ಆಗುವುದಿಲ್ಲ.

ದಿನಕ್ಕೆ ಎಷ್ಟು ಪ್ರೋಟೀನ್ ಬೇಕು? ನಮ್ಮ ಊಟದಲ್ಲಿ ಅಷ್ಟು ಸಿಗುತ್ತಾ?

ಸಾಧಾರಣ ಆರೋಗ್ಯಕ್ಕೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವ ಲೆಕ್ಕ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಸ್ನಾಯು ಬೆಳೆಸುವವರಿಗೆ ಅದು ಸಾಲದು, ಕಿಲೋಗೆ 1.6 ಗ್ರಾಂ ಇಟ್ಟುಕೊಳ್ಳಿ. 2.2 ಗ್ರಾಂ ದಾಟಿದರೆ ಹೆಚ್ಚಿನ ಲಾಭವೇನೂ ಇಲ್ಲ. 60 ಕಿಲೋ ತೂಗುವ ಹುಡುಗನಿಗೆ 96 ಗ್ರಾಂ ಆಯಿತು.

ಈಗ ಮನೆಯ ಊಟದ ಲೆಕ್ಕ ಹಾಕೋಣ. ಬೆಳಗ್ಗೆ ಇಡ್ಲಿಯೋ ಚಿತ್ರಾನ್ನವೋ ತಿಂದರೆ 8 ಗ್ರಾಂ. ಮಧ್ಯಾಹ್ನ ಮುದ್ದೆ, ತೆಳುಸಾರು, ಸ್ವಲ್ಪ ಅನ್ನ ಸೇರಿ 16. ರಾತ್ರಿಯೂ ಅಷ್ಟೇ. ಕಾಫಿ, ಟೀಯ ಹಾಲಿನಿಂದ 6. ಒಟ್ಟು 46ರ ಹತ್ತಿರ ನಿಲ್ಲುತ್ತದೆ, ಅಂದರೆ ಬೇಕಾದದ್ದರ ಅರ್ಧ. ಹೊಟ್ಟೆ ತುಂಬಿರುತ್ತದೆ, ಆದ್ದರಿಂದ ಯಾರಿಗೂ ಕೊರತೆ ಗೊತ್ತಾಗುವುದಿಲ್ಲ.

ಅದೇ ಅಡುಗೆಮನೆಯಲ್ಲೇ ಸರಿಮಾಡಬಹುದು. ಬೆಳಗ್ಗೆ ತಿಂಡಿಯ ಜೊತೆ ಬೇಯಿಸಿದ ಮೊಟ್ಟೆ 3 ತಿಂದರೆ 18 ಗ್ರಾಂ ಸೇರಿತು. ಮಧ್ಯಾಹ್ನ ಒಂದು ಮುದ್ದೆ, 60 ಗ್ರಾಂ ಒಣ ಹುರುಳಿ ಕಾಳು ಬೆಂದ ಗಟ್ಟಿ ಸಾರು, ದೊಡ್ಡ ಬಟ್ಟಲು ಮೊಸರು ಸೇರಿ 26. ಸಂಜೆ ಎರಡು ಹಿಡಿ ಕಡಲೆಕಾಯಿ ಬೀಜ, ಒಂದು ಲೋಟ ಹಾಲು ಅಂದರೆ 18. ರಾತ್ರಿ ಅನ್ನ ಅಥವಾ ಚಪಾತಿಯ ಜೊತೆ 120 ಗ್ರಾಂನಷ್ಟು ಕೋಳಿ ಅಥವಾ ಮೀನು ಇದ್ದರೆ 30. ತಿಂಡಿಯ 8 ಗ್ರಾಂ ಸೇರಿಸಿದರೆ 100 ಆಯಿತು. ಇದರಲ್ಲಿ ನಿಮ್ಮ ಅಮ್ಮನಿಗೆ ಗೊತ್ತಿಲ್ಲದ ಪದಾರ್ಥ ಒಂದೂ ಇಲ್ಲ.

ಮೊದಲ ಎರಡು ವಾರ ಅಡುಗೆಮನೆಯ ಸಣ್ಣ ತೂಕದ ಯಂತ್ರದಲ್ಲಿ ಕಾಳು, ಹಿಟ್ಟು ತೂಗಿ ನೋಡಿ. ಆಮೇಲೆ ಕಣ್ಣಳತೆ ಬಂದುಬಿಡುತ್ತದೆ.

ನಮ್ಮನೇಲಿ ಮೊಟ್ಟೆನೂ ತಿನ್ನಲ್ಲ. ಆಗುತ್ತಾ?

ಖಂಡಿತ ಆಗುತ್ತದೆ. ಸ್ವಲ್ಪ ಹೆಚ್ಚು ಯೋಜನೆ ಬೇಕು, ಅಷ್ಟೆ. 100 ಗ್ರಾಂ ಒಣ ಕಾಳು ಅಥವಾ ಬೇಳೆಯಲ್ಲಿ 20ರಿಂದ 24 ಗ್ರಾಂ, ಕಡಲೆಕಾಯಿ ಬೀಜದಲ್ಲಿ 24ರ ಹತ್ತಿರ, ಪನೀರಿನಲ್ಲಿ 18, ಸೋಯಾ ಚಂಕ್ಸ್‌ನಲ್ಲಿ 50ಕ್ಕೂ ಹೆಚ್ಚು ಗ್ರಾಂ ಪ್ರೋಟೀನ್ ಇದೆ. ಮೇಲಿನ ಲೆಕ್ಕದಲ್ಲಿ ಮೊಟ್ಟೆಯ ಜಾಗಕ್ಕೆ ಮೊಳಕೆ ಹೆಸರುಕಾಳು ಮತ್ತು ಹಾಲು, ಕೋಳಿಯ ಜಾಗಕ್ಕೆ 40 ಗ್ರಾಂ ಸೋಯಾ ಚಂಕ್ಸ್ ಹಾಕಿ ಮಾಡಿದ ಪಲ್ಯ ಇಟ್ಟರೆ 95 ಗ್ರಾಂ ಆಗುತ್ತದೆ. ಕಡಲೆಕಾಯಿಯಲ್ಲಿ ಕೊಬ್ಬೂ ಬಹಳ, ಆದ್ದರಿಂದ ಎರಡು ಹಿಡಿ ಮೀರಿಸಬೇಡಿ. ಸೋಯಾ ತಿಂದರೆ ಗಂಡಸುತನ ಹೋಗುತ್ತದೆ ಅನ್ನುವ ಮಾತನ್ನು ನಂಬಬೇಡಿ; ಊಟದಲ್ಲಿ ತಿನ್ನುವ ಪ್ರಮಾಣಕ್ಕೆ ಟೆಸ್ಟೋಸ್ಟೆರಾನ್ ಇಳಿಯುವುದಿಲ್ಲ ಅಂತ ಪರೀಕ್ಷೆಗಳು ತೋರಿಸಿವೆ.

ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ. ದೇಶದ ಪ್ರೋಟೀನ್ ಕೊರತೆ ನೀಗಿಸಲು ಅಲ್ಲಿಯವರು ರೂಪಿಸಿದ ಆಹಾರಕ್ಕೆ ಆರಿಸಿಕೊಂಡದ್ದು ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಹಿಟ್ಟು. ಬಡವರ ಕೈಗೆ ಎಟುಕುವ ಒಳ್ಳೆಯ ಪ್ರೋಟೀನ್ ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು.

ಶ್ರಾವಣದಲ್ಲಿ ಒಂದು ತಿಂಗಳು ಮಾಂಸ ಮುಟ್ಟಲ್ಲ. ಬೆಳೆಸಿದ್ದೆಲ್ಲ ಹೋಗುತ್ತಾ?

ಹೋಗಲ್ಲ. ಮೇಲೆ ಹೇಳಿದ ಸಸ್ಯಾಹಾರದ ಲೆಕ್ಕ ಹಿಡಿದು, ಭಾರ ಎತ್ತುವುದನ್ನು ನಿಲ್ಲಿಸದಿದ್ದರೆ ಸಾಕು. ಸೋಮವಾರ, ಶನಿವಾರ ಒಪ್ಪೊತ್ತು ಮಾಡುವವರು ಆ ದಿನ ಕಾಲಿನ ವ್ಯಾಯಾಮ ಇಟ್ಟುಕೊಳ್ಳಬೇಡಿ.

ಹಸಿ ಮೊಟ್ಟೆ ಕುಡಿದ್ರೆ ಜಾಸ್ತಿ ಶಕ್ತಿ ಅಂತಾರಲ್ಲ? ನಾಟಿ ಮೊಟ್ಟೆನೇ ಆಗಬೇಕಾ?

ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಶೇ. 90ರಷ್ಟು ಮೈಗೆ ಹತ್ತುತ್ತದೆ, ಹಸಿಯದ್ದರಲ್ಲಿ ಅರ್ಧದಷ್ಟು. ಜೊತೆಗೆ ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಸೋಂಕಿನ ಅಪಾಯ. ಬೇಯಿಸಿಯೇ ತಿನ್ನಿ. ನಾಟಿ ಮೊಟ್ಟೆ ರುಚಿಯಲ್ಲಿ ಮೇಲು, ಪ್ರೋಟೀನಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಅದೇ ದುಡ್ಡಿಗೆ ಫಾರಂ ಮೊಟ್ಟೆ ಹೆಚ್ಚು ಬರುತ್ತದೆ.

ವಾರಕ್ಕೆ ಎಷ್ಟು ದಿನ, ಏನೇನು ಮಾಡ್ಬೇಕು?

ಹೊಸಬರಿಗೆ ವಾರಕ್ಕೆ 3 ದಿನ ಸಾಕು, ಪ್ರತಿ ದಿನವೂ ಇಡೀ ಮೈಗೆ. "ಸೋಮವಾರ ಎದೆ, ಮಂಗಳವಾರ ಬೆನ್ನು" ಅಂತ ಹಂಚಿಕೊಳ್ಳುವುದು ಮುಂದೆ ನೋಡಿಕೊಳ್ಳುವ ವಿಷಯ. ಒಂದು ಸ್ನಾಯುವಿಗೆ ವಾರಕ್ಕೆ ಎರಡು ಸಲವಾದರೂ ಕೆಲಸ ಸಿಗಬೇಕು, ಒಟ್ಟು 10 ಸೆಟ್‌ಗಳ ಆಸುಪಾಸು. ಸೆಟ್ ಅಂದರೆ ನಡುವೆ ನಿಲ್ಲಿಸದೆ ಒಂದೇ ಸುತ್ತಿನಲ್ಲಿ ಎತ್ತುವಷ್ಟು ಸಲ. ಅನುಭವ ಬಂದಂತೆ 15, 20ರ ತನಕ ಏರಿಸಬಹುದು.

ಯಾವ ವ್ಯಾಯಾಮ? ತೊಡೆಗೆ ಸ್ಕ್ವಾಟ್. ತೊಡೆಯ ಹಿಂಭಾಗ, ಸೊಂಟಕ್ಕೆ ರೊಮೇನಿಯನ್ ಡೆಡ್‌ಲಿಫ್ಟ್ (ಭಾರ ಹಿಡಿದು ಸೊಂಟದಿಂದ ಬಾಗಿ ಏಳುವುದು). ಎದೆಗೆ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರ ತಳ್ಳುವುದು), ಭುಜಕ್ಕೆ ಶೋಲ್ಡರ್ ಪ್ರೆಸ್ (ತಲೆಯ ಮೇಲಕ್ಕೆ ತಳ್ಳುವುದು). ಬೆನ್ನಿಗೆ ಪುಲ್‌ಅಪ್ (ಜೋತುಬಿದ್ದು ಮೈಯನ್ನು ಮೇಲಕ್ಕೆಳೆಯುವುದು) ಮತ್ತು ರೋ (ಭಾರವನ್ನು ಹೊಟ್ಟೆಯ ಕಡೆಗೆಳೆಯುವುದು). ಇಡೀ ವ್ಯಾಯಾಮಕ್ಕೆ ಇವೇ ಆಧಾರ. ಕೊನೆಗೆ ಕೈಗೆ, ಮೀನಖಂಡಕ್ಕೆ, ಹೊಟ್ಟೆಗೆ ಎರಡೆರಡು ಸೆಟ್. ಕನ್ನಡಿ ಮುಂದೆ ನಿಂತು ಬೈಸೆಪ್ಸ್ ಮಾತ್ರ ಮಾಡುವ ಹುಡುಗರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮೈ ಅಗಲವಾಗಿ ಕಾಣುವುದು ಬೆನ್ನು, ಭುಜದಿಂದ. ಅಂಗಿಯೊಳಗೆ ತೋಳು ತುಂಬುವುದು ಮುಖ್ಯವಾಗಿ ತೋಳಿನ ಹಿಂಭಾಗದ ಟ್ರೈಸೆಪ್ಸ್‌ನಿಂದ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರತಿ ಸೆಟ್ಟಿನ ಕೊನೆಗೆ "ಇನ್ನೊಂದೋ ಎರಡೋ ಮಾತ್ರ ಆಗುತ್ತಿತ್ತು" ಅನ್ನಿಸಬೇಕು. ಹಾಗನ್ನಿಸದ ಸೆಟ್ಟಿನಿಂದ ಸ್ನಾಯುವಿಗೆ ಬೆಳೆಯುವ ಕಾರಣ ಸಿಗುವುದಿಲ್ಲ. 8ರಿಂದ 12 ಸಲ ಎತ್ತಬಲ್ಲ ಭಾರ ಆರಿಸಿ. ಬೆಂಚ್ ಪ್ರೆಸ್‌ನಲ್ಲಿ 30 ಕಿಲೋ ಇಟ್ಟು ಮೂರು ಸೆಟ್ಟಿನಲ್ಲೂ 8 ಆಯಿತು ಅನ್ನಿ. ವಾರ ವಾರ 9, 10 ಅಂತ ಏರಿಸಿ. ಮೂರರಲ್ಲೂ 12 ಮುಟ್ಟಿದ ದಿನ ಭಾರವನ್ನು 32.5ಕ್ಕೆ ಏರಿಸಿ, ಮತ್ತೆ 8ರಿಂದ ಶುರುಮಾಡಿ. ಇದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಬರೆಯದವರು ಆರು ತಿಂಗಳಾದರೂ ಅದೇ ಭಾರ ಎತ್ತುತ್ತಿರುತ್ತಾರೆ, ಮೈಯೂ ಹಾಗೇ ಇರುತ್ತದೆ. ದೊಡ್ಡ ವ್ಯಾಯಾಮಗಳ ಸೆಟ್ಟುಗಳ ನಡುವೆ 2-3 ನಿಮಿಷ ಕೂರಿ. ಹಾಗೆ ಕೂತರೆ ಸೋಮಾರಿತನ ಅಂತ ಅಂದುಕೊಳ್ಳಬೇಡಿ.

ನಿದ್ದೆ 7 ಗಂಟೆಗೆ ಕಮ್ಮಿಯಾಗಬಾರದು. ರಾತ್ರಿ 1ರ ತನಕ ಮೊಬೈಲ್ ನೋಡಿ ಬೆಳಗ್ಗೆ 5ಕ್ಕೆ ಜಿಮ್‌ಗೆ ಬರುವುದರಿಂದ ಪ್ರಯೋಜನವಿಲ್ಲ.

ಜಿಮ್‌ಗೆ ದುಡ್ಡಿಲ್ಲ. ಗರಡಿ ಮನೆಯ ಸಾಮು ಸಾಕಾ?

ಮೈಸೂರಿನ ಮೊಹಲ್ಲಾಗಳಲ್ಲಿ ಇನ್ನೂ ಗರಡಿಗಳು ಉಳಿದಿವೆ. ದಸರಾ ಕುಸ್ತಿಗೆ ಪೈಲ್ವಾನರು ತಯಾರಾಗುವುದು ಅಲ್ಲಿಯೇ. ದಂಡ, ಬಸ್ಕಿ, ಗದೆ, ಕರಲಾಕಟ್ಟೆ (ಕೈಯಲ್ಲಿ ಹಿಡಿದು ತಿರುಗಿಸುವ ಮರದ ತುಂಡು), ಮಟ್ಟಿಯ (ಗರಡಿಯ ಮಣ್ಣಿನ) ಮೇಲಿನ ಪಟ್ಟು, ಇವುಗಳಿಂದ ಬರುವ ಕತ್ತು, ಭುಜ, ಹಿಡಿತದ ಬಲ ಯಂತ್ರಗಳಿಂದ ಸುಲಭಕ್ಕೆ ಬರುವುದಿಲ್ಲ. ಉಸ್ತಾದರು ಒಪ್ಪಿದರೆ ಸಂತೋಷವಾಗಿ ಸೇರಿ.

ಆದರೆ ಸ್ನಾಯುವಿನ ಗಾತ್ರವೇ ಗುರಿಯಾದರೆ ಒಂದು ತಿದ್ದುಪಡಿ ಬೇಕು. ಬಸ್ಕಿ 50 ಆದ ಮೇಲೆ 100, ಆಮೇಲೆ 300 ಅಂತ ಎಣಿಕೆ ಏರಿಸುತ್ತಾ ಹೋದರೆ ದಮ್ಮು ಬೆಳೆಯುತ್ತದೆ, ತೊಡೆ ಅಷ್ಟಾಗಿ ಬೆಳೆಯುವುದಿಲ್ಲ. 30 ದಾಟಿತು ಅಂದ ಕೂಡಲೇ ಹೆಗಲ ಮೇಲೆ ಭಾರ ಹಾಕಿಕೊಳ್ಳಿ; ಮರಳು ತುಂಬಿದ ಚೀಲ ಆದರೂ ಸರಿ. ದಂಡ ಹೊಡೆಯುವಾಗಲೂ ಬೆನ್ನಿಗೆ ಭಾರ ತುಂಬಿದ ಬ್ಯಾಗ್. ಸಾಮಿನಲ್ಲಿ ಮೇಲಿನಿಂದ ಎಳೆಯುವ ವ್ಯಾಯಾಮ ಕಡಿಮೆ, ಆದ್ದರಿಂದ ಮರದ ಕೊಂಬೆಗೋ ಕಬ್ಬಿಣದ ಪೈಪಿಗೋ ಜೋತುಬಿದ್ದು ಪುಲ್‌ಅಪ್ ಸೇರಿಸಿ. ಎರಡನ್ನೂ ಕೂಡಿಸುವುದು ಹೊಸ ಆಲೋಚನೆಯೇನಲ್ಲ. ಕಳೆದ ಶತಮಾನದ ಮೊದಲ ಭಾಗದಲ್ಲೇ ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಕೆ.ವಿ. ಅಯ್ಯರ್ ಬಾರ್‌ಬೆಲ್ಲಿನ ಜೊತೆ ಸೂರ್ಯನಮಸ್ಕಾರ, ದಂಡಗಳನ್ನು ಕಲಿಸಿ, ಕನ್ನಡಿಗನ ಮೈಕಟ್ಟನ್ನು ಹೊರದೇಶದವರೂ ನೋಡುವಂತೆ ಮಾಡಿದರು.

ಕಬ್ಬು ಕಡಿತೀನಿ, ಮೂಟೆ ಹೊರ್ತೀನಿ. ಅದೇ ವ್ಯಾಯಾಮ ಅಲ್ವಾ?

ಕಷ್ಟದ ಕೆಲಸ, ಎರಡು ಮಾತಿಲ್ಲ. ಅದರಿಂದ ಸಹಿಸುವ ಶಕ್ತಿ ಬರುತ್ತದೆ. ಆದರೆ ಕಬ್ಬಿನ ಕಂತೆ ಹೋದ ವರ್ಷ ಎಷ್ಟು ತೂಗುತ್ತಿತ್ತೋ ಈ ವರ್ಷವೂ ಅಷ್ಟೇ ತೂಗುತ್ತದೆ, ಮೈಗೆ ಹೊಸ ಸವಾಲು ಸಿಗುವುದಿಲ್ಲ. ಗಾಣಗಳ ಹಂಗಾಮಿನಲ್ಲಿ, ಕಟಾವಿನ ದಿನಗಳಲ್ಲಿ ವಾರಕ್ಕೆ ಎರಡೇ ದಿನ ಭಾರ ಎತ್ತಿ, ಊಟ ಹೆಚ್ಚಿಸಿ. ಕೆಲಸ ಕಮ್ಮಿ ಇರುವ ತಿಂಗಳುಗಳಲ್ಲಿ ಮೂರು ದಿನಕ್ಕೆ ಬನ್ನಿ.

ಪೊಲೀಸ್ ಫಿಸಿಕಲ್‌ಗೆ ಓಡ್ತಿದ್ದೀನಿ. ಓಡಿದ್ರೆ ಮಸಲ್ ಕರಗುತ್ತಾ?

ಸಾಕಷ್ಟು ತಿಂದರೆ ಕರಗುವುದಿಲ್ಲ. 1600 ಮೀಟರ್ ಓಟಕ್ಕೆ ಬೆಳಗ್ಗೆ ಓಡಿ, ಭಾರ ಸಂಜೆ ಎತ್ತಿ. ಒಂದೇ ಹೊತ್ತಿಗೆ ಎರಡೂ ಮಾಡಬೇಕಾದರೆ ಭಾರ ಮೊದಲು, ಓಟ ಆಮೇಲೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ವಾರಕ್ಕೊಮ್ಮೆ ಹತ್ತಿದರೆ ಹೃದಯಕ್ಕೂ ಮೀನಖಂಡಕ್ಕೂ ಒಳ್ಳೆಯದು. ಮಾರನೆಯ ದಿನ ಸ್ಕ್ವಾಟ್ ಬೇಡ.

ತೋಳು ಬಂದಿದೆ, ಹೊಟ್ಟೆ ಹೋಗ್ತಿಲ್ಲ. ದಿನಾ 200 ಕ್ರಂಚಸ್ ಮಾಡ್ಲಾ?

ಕ್ರಂಚಸ್‌ನಿಂದ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಅದರ ಮೇಲಿನ ಕೊಬ್ಬು ಕರಗುವುದಿಲ್ಲ. ಒಂದು ಜಾಗದ ಕೊಬ್ಬನ್ನು ಮಾತ್ರ ಇಳಿಸಲು ಬರುವುದಿಲ್ಲ. ಗಂಡಸರಲ್ಲಿ ದೇಹದ ಕೊಬ್ಬು ಶೇ. 15ರ ಕೆಳಗಿಳಿದಾಗ ಹೊಟ್ಟೆಯ ಗೆರೆಗಳು ಮೂಡಲು ಶುರುವಾಗುತ್ತವೆ. ನಮ್ಮ ಜನಕ್ಕೆ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಸೇರುವ ಗುಣ ಇದೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಸೌಂದರ್ಯಕ್ಕಿಂತ ಮೊದಲು ಸಕ್ಕರೆ ಕಾಯಿಲೆಯ ಬಗ್ಗೆ ಯೋಚಿಸಿ.

ಮಾಡಬೇಕಾದದ್ದು: ದಿನಕ್ಕೆ 300ರಿಂದ 500 ಕ್ಯಾಲೊರಿ ಕಮ್ಮಿ ತಿನ್ನಿ. ಎರಡನೇ ಸಲ ಹಾಕಿಸಿಕೊಳ್ಳುವ ಅನ್ನ, ಸಂಜೆಯ ಬೋಂಡ, ಬೇಕರಿ ಬಿಸ್ಕತ್ತು, ಕಾಫಿಯ ಸಕ್ಕರೆ, ಇಷ್ಟು ತೆಗೆದರೆ ಆಯಿತು. ಪ್ರೋಟೀನ್ ಇಳಿಸಬೇಡಿ, ಕಿಲೋಗೆ 2 ಗ್ರಾಂಗೆ ಏರಿಸಿ. ಭಾರವನ್ನೂ ಇಳಿಸಬೇಡಿ. "ಈಗ ಕಟ್ಸ್ (ಸ್ನಾಯುವಿನ ಗೆರೆ) ಬೇಕು, ಅದಕ್ಕೆ ಹಗುರ ಎತ್ತಿ 30 ರೆಪ್ಸ್ (30 ಸಲ) ಮಾಡ್ತೀನಿ" ಅನ್ನುವುದು ತಪ್ಪು ಲೆಕ್ಕ. ಯಾವ ಭಾರದಿಂದ ಸ್ನಾಯು ಬಂತೋ ಆ ಭಾರವೇ ಅದನ್ನು ಉಳಿಸುತ್ತದೆ. 70 ಕಿಲೋ ಇರುವವರು ವಾರಕ್ಕೆ 350ರಿಂದ 500 ಗ್ರಾಂ ಇಳಿದರೆ ಸರಿಯಾದ ವೇಗ.

ಬೆಲ್ಲ, ಕಬ್ಬಿನ ಹಾಲು ಆರೋಗ್ಯಕ್ಕೆ ಒಳ್ಳೇದಲ್ವಾ?

ಮಂಡ್ಯದವರ ಮುಂದೆ ಬೆಲ್ಲದ ವಿಷಯ ಮಾತಾಡುವುದು ಕಷ್ಟ, ಆದರೂ ಹೇಳಲೇಬೇಕು. 100 ಗ್ರಾಂ ಬೆಲ್ಲದಲ್ಲೂ ಸಕ್ಕರೆಯಲ್ಲೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ, 380ರಿಂದ 400. ತೂಕ ಏರಿಸುವವರು ಧಾರಾಳವಾಗಿ ತಿನ್ನಿ. ಹೊಟ್ಟೆ ಇಳಿಸುವವರು ಬೆಲ್ಲ ಅಂತ ವಿನಾಯಿತಿ ಕೊಡಬೇಡಿ, ಕಬ್ಬಿನ ಹಾಲಿಗೂ ಇದೇ ಮಾತು. ಮದ್ದೂರಿನ ಎಳನೀರು ಕುಡಿಯಿರಿ. 100 ಮಿಲಿಗೆ 20 ಕ್ಯಾಲೊರಿಯಷ್ಟೇ.

ಎಷ್ಟು ತಿಂದ್ರೂ ಮೈ ಹಿಡಿಯಲ್ಲ ಸರ್. ಮಾಸ್ ಗೇನರ್ ತಗೊಳ್ಲಾ?

ಡಬ್ಬದ ಹಿಂದಿನ ಚೀಟಿ ಓದಿ. ಹೆಚ್ಚಿನ ಗೇನರ್‌ಗಳಲ್ಲಿ ಮೊದಲು ಬರೆದಿರುವುದು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಪಿಷ್ಟದಿಂದ ಮಾಡಿದ ಅಗ್ಗದ ಪುಡಿ. ನಮ್ಮಲ್ಲಿ ಹುರಿಹಿಟ್ಟು ಇದೆಯಲ್ಲ. 50 ಗ್ರಾಂ ರಾಗಿ ಹುರಿಹಿಟ್ಟು, 30 ಗ್ರಾಂ ಹುರಿಗಡಲೆ ಪುಡಿ, 300 ಮಿಲಿ ಹಾಲು, ಸಣ್ಣ ತುಂಡು ಬೆಲ್ಲ ಕಲಸಿದರೆ 500 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ದಿನಕ್ಕೆ ಒಂದು ಲೋಟ ಸೇರಿಸಿ, ವಾರಕ್ಕೊಮ್ಮೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ. ತಿಂಗಳಿಗೆ 1 ಕಿಲೋ ಏರುತ್ತಿದ್ದರೆ ಸರಿಯಾದ ದಾರಿ. 3 ಕಿಲೋ ಏರಿದರೆ ಅದರಲ್ಲಿ ಬಹುಪಾಲು ಕೊಬ್ಬು, ಸ್ವಲ್ಪ ಕಮ್ಮಿ ಮಾಡಿ.

ವೇ ಪ್ರೋಟೀನ್, ಕ್ರಿಯಾಟಿನ್ ಕಿಡ್ನಿ ಹಾಳು ಮಾಡುತ್ತಾ?

ವೇ ಅಂದರೆ ಹಾಲಿನಿಂದ ತೆಗೆದ ಪ್ರೋಟೀನ್. ಊಟದಲ್ಲಿ 20-25 ಗ್ರಾಂ ಕೊರತೆ ಬಿದ್ದರೆ ಡಬ್ಬದೊಳಗೇ ಬರುವ ದೊಡ್ಡ ಚಮಚದಲ್ಲಿ (ಸ್ಕೂಪ್) ಒಂದು ತಗೊಳ್ಳಿ, ಬೀಳದಿದ್ದರೆ ಬೇಡ. ಕ್ರಿಯಾಟಿನ್ ಅಂದರೆ ಭಾರ ಎತ್ತುವಾಗ ಸ್ನಾಯುವಿಗೆ ಶಕ್ತಿ ಒದಗಿಸಲು ನೆರವಾಗುವ ಪದಾರ್ಥ; ಕ್ರಿಯಾಟಿನ್ ಮೊನೊಹೈಡ್ರೇಟ್ ಪುಡಿ ದಿನಕ್ಕೆ 3ರಿಂದ 5 ಗ್ರಾಂ. ಬಹಳ ಪರೀಕ್ಷೆಗೆ ಒಳಗಾಗಿ ನಿಜವಾಗಿ ಕೆಲಸ ಮಾಡುತ್ತದೆ ಅಂತ ಗೊತ್ತಾಗಿರುವ ಕೆಲವೇ ಪುಡಿಗಳಲ್ಲಿ ಅದೊಂದು. ಮೂತ್ರಪಿಂಡ ಆರೋಗ್ಯವಾಗಿರುವವರಿಗೆ ಈ ಪ್ರಮಾಣದಲ್ಲಿ ಎರಡರಿಂದಲೂ ಹಾನಿ ಕಂಡುಬಂದಿಲ್ಲ. ಮೊದಲೇ ತೊಂದರೆ ಇರುವವರು, ಬಿಪಿ, ಶುಗರ್ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಕ್ರಿಯಾಟಿನ್ ತಗೊಳ್ಳುವಾಗ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನೈನ್ (ಕಿಡ್ನಿಯ ಸ್ಥಿತಿ ತಿಳಿಯಲು ನೋಡುವ ಅಂಶ) ಸ್ವಲ್ಪ ಏರಿ ಕಾಣಬಹುದು, ತಗೊಳ್ಳುತ್ತಿರುವ ವಿಷಯ ಮೊದಲೇ ಹೇಳಿ. ಎಫ್‌ಎಸ್‌ಎಸ್‌ಎಐ (ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ) ನಂಬರ್ ಇಲ್ಲದ, ಸೀಲ್ ಒಡೆದ ಡಬ್ಬ ಬೇಡ. ಚೀಟಿಯಿಲ್ಲದ ಕವರಿನಲ್ಲಿ ಯಾರೇ ಪುಡಿ ಕೊಟ್ಟರೂ ವಾಪಸ್ ಕೊಟ್ಟುಬಿಡಿ.

ಮೂರು ತಿಂಗಳಲ್ಲಿ ಬರುತ್ತೆ ಅಂತ ಇಂಜೆಕ್ಷನ್ ಹೇಳ್ತಿದ್ದಾರೆ. ಒಂದೇ ಒಂದು ಸಲ...

ದಯವಿಟ್ಟು ಬೇಡ. ಅದು ಬಹುತೇಕ ಟೆಸ್ಟೋಸ್ಟೆರಾನ್ ಅಥವಾ ಅದರ ಜಾತಿಯ ಸ್ಟೆರಾಯ್ಡ್. ಸ್ನಾಯು ಬೇಗ ಬರುತ್ತದೆ ಅನ್ನುವುದು ಸುಳ್ಳಲ್ಲ, ಅದಕ್ಕೇ ಹುಡುಗರು ಬೀಳುವುದು. ಹೊರಗಿನಿಂದ ಹಾರ್ಮೋನು ಬಂದ ಕೂಡಲೇ ಮೆದುಳು ವೃಷಣಗಳಿಗೆ ಕಳಿಸುವ ಸೂಚನೆ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ. ನಿಲ್ಲಿಸಿದ ಮೇಲೆ ಸ್ವಂತ ಹಾರ್ಮೋನು ಮರಳಲು ತಿಂಗಳುಗಳು ಹಿಡಿಯಬಹುದು, ಕೆಲವರಿಗೆ ವರ್ಷವೂ ದಾಟುತ್ತದೆ. ಮದುವೆಯಾಗಿ ಮಕ್ಕಳಾಗಲಿಲ್ಲ ಅಂತ ಹೆಂಡತಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಸುತ್ತಿಸುವ ಮೊದಲು ಈ ಮಾತು ನೆನಪಿರಲಿ. ಒಳ್ಳೆಯ ಕೊಲೆಸ್ಟ್ರಾಲ್ ಇಳಿದು ಕೆಟ್ಟದ್ದು ಏರುತ್ತದೆ, ಬಿಪಿ ಏರುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ರಕ್ತ ಗಟ್ಟಿಯಾಗುತ್ತದೆ. ಎದೆಯಲ್ಲಿ ಹೆಂಗಸರಂತೆ ಗಂಟು ಬಂದರೆ ಆಪರೇಷನ್ ಬೇಕಾಗಬಹುದು. ಮಾತ್ರೆಯ ರೂಪದವು ಯಕೃತ್ತನ್ನೂ ಬಿಡುವುದಿಲ್ಲ.

ಈಗಾಗಲೇ ತಗೊಂಡಿದ್ದರೆ ಮುಚ್ಚಿಡಬೇಡಿ. ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೋಗಿ, ಏನು ಎಷ್ಟು ತಗೊಂಡಿದ್ದೀರಿ ಅಂತ ನೇರವಾಗಿ ಹೇಳಿ. ಬೈದರೆ ಬೈಯಲಿ, ಪರೀಕ್ಷೆ ಆಗಲಿ.

ಹೆಣ್ಣುಮಕ್ಕಳು ಭಾರ ಎತ್ತಿದ್ರೆ ಗಂಡಸರ ಥರ ಆಗ್ತಾರಾ?

ಇಲ್ಲ ಕಣಮ್ಮ. ಹೆಂಗಸರಲ್ಲಿ ಟೆಸ್ಟೋಸ್ಟೆರಾನ್ ಗಂಡಸರಲ್ಲಿರುವುದರ ಹತ್ತನೇ ಒಂದು ಪಾಲಿಗಿಂತಲೂ ಕಮ್ಮಿ. ಭುಜ, ತೊಡೆಗೆ ಅಂದವಾದ ಆಕಾರ ಬರುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಮುಟ್ಟು ನಿಂತ ಮೇಲೆ ಸವೆಯುವ ಮೂಳೆಗೆ ಈಗಲೇ ಬಲ ಸೇರುತ್ತದೆ. ಮೇಲೆ ಬರೆದ ವ್ಯಾಯಾಮಗಳೇ, ಅದೇ ಕ್ರಮ. ಗುಲಾಬಿ ಬಣ್ಣದ 1 ಕಿಲೋ ಡಂಬಲ್ ಕೊಟ್ಟು ಕೂರಿಸುವ ಜಿಮ್ ಬಿಟ್ಟುಬಿಡಿ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸರ ತಟ್ಟೆಗೆ ಬರುವುದು ಬರಿ ತಿಳಿಸಾರು. ನಿಮ್ಮ ಪಾಲಿನ ಕಾಳು, ಮೊಟ್ಟೆಯನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ರಕ್ತಹೀನತೆ ಇದೆಯಾ ಅಂತ ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ಅದು ಕಮ್ಮಿಯಿದ್ದರೆ ಎಷ್ಟು ತಿಂದರೂ ಸುಸ್ತು ಬಿಡುವುದಿಲ್ಲ.

ಅಪ್ಪು ಸರ್ ಹೋದ ಮೇಲೆ ಮನೇಲಿ ಜಿಮ್ ಬೇಡ ಅಂತಾರೆ.

2021ರ ಅಕ್ಟೋಬರ್ 29ರ ನೋವು ನಮಗೆಲ್ಲ ಇನ್ನೂ ಆರಿಲ್ಲ, ಮನೆಯವರ ಭಯ ಅರ್ಥವಾಗುತ್ತದೆ. ಆದರೆ ವ್ಯಾಯಾಮ ಮಾಡುವವರಲ್ಲಿ ಒಟ್ಟಾರೆ ಹೃದ್ರೋಗ ಕಮ್ಮಿ. ಎಚ್ಚರ ಇರಬೇಕಾದದ್ದು ಒಳಗೆ ಮೊದಲೇ ಇರುವ, ಗೊತ್ತಾಗದ ತೊಂದರೆಯ ಬಗ್ಗೆ. 40 ದಾಟಿದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ, ಬೀಡಿ ಸಿಗರೇಟು, ಬಿಪಿ, ಶುಗರ್ ಇದ್ದರೆ ಮೊದಲು ಪರೀಕ್ಷೆ ಮಾಡಿಸಿ. ಮೈಸೂರಿನಲ್ಲೇ ಜಯದೇವ ಆಸ್ಪತ್ರೆ ಇದೆ. ವ್ಯಾಯಾಮದ ಹೊತ್ತಿಗೆ ಎದೆ ಹಿಡಿದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ.

ಮಗನಿಗೆ 16. ಭಾರ ಎತ್ತಿದ್ರೆ ಕುಳ್ಳ ಆಗ್ತಾನಾ?

ಆಗುವುದಿಲ್ಲ. ಸರಿಯಾಗಿ ಕಲಿಸುವವರ ಕಣ್ಣೆದುರು ಮಾಡಲಿ, ಗೆಳೆಯರ ಜೊತೆ ಪಂದ್ಯ ಕಟ್ಟಿ ಅತಿ ಭಾರ ಎತ್ತುವುದು ಬೇಡ. ಪುಡಿಗಳ ಅಗತ್ಯವಿಲ್ಲ.

ಎಷ್ಟು ದಿನಕ್ಕೆ ಕಾಣುತ್ತೆ?

ಮೊದಲ ತಿಂಗಳು ಎತ್ತುವ ಭಾರ ಮಾತ್ರ ಏರುತ್ತದೆ. ಅದು ನರಗಳು ಕಲಿಯುವ ಕಾಲ. ಮೂರನೇ ತಿಂಗಳ ಹೊತ್ತಿಗೆ ನಿಮಗೆ ಗೊತ್ತಾಗುತ್ತದೆ, ಆರು ತಿಂಗಳಿಗೆ ಊರವರಿಗೆ. ಮೊದಲ ವರ್ಷ ಒಳ್ಳೆಯ ಊಟ, ನಿದ್ದೆ ಇರುವ ಹುಡುಗನಿಗೆ ತಿಂಗಳಿಗೆ ಅರ್ಧದಿಂದ 1 ಕಿಲೋ ಸ್ನಾಯು, ಹೆಣ್ಣುಮಕ್ಕಳಿಗೆ ಅದರ ಅರ್ಧ. ಎರಡನೇ ವರ್ಷ ವೇಗ ಇಳಿಯುತ್ತದೆ, ಅದು ಎಲ್ಲರಿಗೂ ಹಾಗೇ.

ಬೀಗರ ಊಟ, ವರ್ಷತೊಡಕು ಬಂದ್ರೆ ಏನ್ ಮಾಡೋದು?

ಹೋಗಿ, ಕೂತು ಉಣ್ಣಿ. ಮಂಡ್ಯದಲ್ಲಿ ಹುಟ್ಟಿ ಬೀಗರ ಊಟಕ್ಕೆ ಡಬ್ಬಿ ಒಯ್ಯುವಂತಾಗಬಾರದು. ಮೊದಲು ಮಾಂಸದ ತುಂಡುಗಳು, ಆಮೇಲೆ ಮುದ್ದೆ, ಕೊನೆಗೆ ಅನ್ನ ಅಂತ ಸಾಲು ಇಟ್ಟುಕೊಂಡರೆ ಅನ್ನದ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ. ಬನ್ನೂರು ಕುರಿಯ ಚರ್ಬಿ ರುಚಿ, ಆದರೆ ಕ್ಯಾಲೊರಿ ಬಹಳ, ಎರಡು ತುಂಡಿಗೆ ನಿಲ್ಲಿಸಿ. ಕುಡಿತ ಬೇಡ: ವ್ಯಾಯಾಮದ ನಂತರ ಸ್ನಾಯು ಕಟ್ಟುವ ಕೆಲಸವನ್ನು ಮದ್ಯ ನೇರವಾಗಿ ತಗ್ಗಿಸುತ್ತದೆ. ಮಾರನೆಯ ದಿನ ಉಪವಾಸ ಮಾಡಿ ಸರಿತೂಗಿಸಲು ಹೋಗಬೇಡಿ. ಮಾಮೂಲಿ ಊಟ, ಮಾಮೂಲಿ ವ್ಯಾಯಾಮ.